ಟವರ್ ಇಲ್ಲದ ಊರಿನಲ್ಲಿ ಆ್ಯಪ್‌ನ ಪರೀಕ್ಷೆ

ನಮ್ಮ ಕಲಬುರಗಿ ಸೀಮೆಯಲ್ಲಿ ‘ಟವರ್’ ಎಂಬ ಮಾತಿಗೆ ಕಬ್ಬಿಣದ ಕಂಬವೆಂಬ ಅರ್ಥ ಈಗ ಹಿಂದೆ ಸರಿದಿದೆ. ‘ಟವರ್ ಬರವಲ್ದು’ ಎಂದು ಯಾರಾದರೂ ನುಡಿದರೆ ಫೋನಿಗೆ ಸಂಪರ್ಕ ದೊರೆಯುತ್ತಿಲ್ಲವೆಂಬುದು ಮನೆಯ ಮಗುವಿಗೂ ತಿಳಿಯುತ್ತದೆ. 1995ರ ಜುಲೈ 31ರಂದು ಕಲಕತ್ತೆಯಿಂದ ದೆಹಲಿಗೆ ದೇಶದ ಮೊದಲ ಮೊಬೈಲ್ ಕರೆ ನಡೆದಾಗ ಆ ಫೋನು ಸಿರಿವಂತರ ಸೊತ್ತಾಗಿತ್ತು. ಸಂಪರ್ಕ ತಪ್ಪಿದರೆ ಮಾತೊಂದು ಅರ್ಧಕ್ಕೆ ನಿಲ್ಲುತ್ತಿತ್ತೇ ಹೊರತು ಮನೆಯ ವ್ಯವಹಾರ ನಿಲ್ಲುತ್ತಿರಲಿಲ್ಲ. ಇಂದು ಪರಿಸ್ಥಿತಿ ಬೇರೆಯಾಗಿದೆ. ಕೂಲಿಯ ಹಾಜರಿ, ಹೊಲದ ಬೆಳೆಯ ದಾಖಲೆ, ಬ್ಯಾಂಕಿನ ಹಣ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ಇವೆಲ್ಲವೂ ಫೋನಿನೊಳಗಿನ ಆ್ಯಪ್‌ಗಳ ಮೂಲಕ ಸಾಗುತ್ತಿವೆ. ಆದುದರಿಂದ ಈ ತಿಂಗಳು ನಾವು ಓದುಗ ಬಂಧುಗಳ ಮುಂದೆ ಒಂದು ಪ್ರಶ್ನೆಯನ್ನು ಇಡಬಯಸುತ್ತೇವೆ. ಈ ಆ್ಯಪ್‌ಗಳನ್ನು ಸಿದ್ಧಪಡಿಸುವವರು ಅವುಗಳನ್ನು ಎಲ್ಲಿ ಕುಳಿತು ಪರೀಕ್ಷಿಸುತ್ತಾರೆ? ಬೆಂಗಳೂರಿನ ಕಚೇರಿಯ ವೇಗದ ಸಂಪರ್ಕದಲ್ಲಿ ಸೊಗಸಾಗಿ ನಡೆದ ಆ್ಯಪ್ ನಾಲವಾರದ ಕಲ್ಲುಮನೆಯೊಳಗೆ, ಶಹಾಬಾದದ ಕಲ್ಲುಗಣಿಯ ತಳದಲ್ಲಿ, ಚಿಂಚೋಳಿಯ ಕಾಡಂಚಿನ ತಾಂಡಾದಲ್ಲಿ ಹೇಗೆ ನಡೆದೀತೆಂಬುದನ್ನು ಮುಂಚಿತವಾಗಿ ನೋಡುವವರು ಯಾರು?

ಈ ವಿಷಯವನ್ನು ಅರಿಯಲು ನಾಲವಾರದ ರೈಲು ನಿಲ್ದಾಣವೇ ನಮಗೊಂದು ಪಾಠಶಾಲೆಯಾಗಬಲ್ಲದು. ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ವಾಡಿಯಿಂದ ರಾಯಚೂರಿಗೆ ಸಾಗುವ ಆ ಹಾದಿಯ ಮೇಲೆಯೇ ನಾಲವಾರವಿದೆ. ಒಂದು ನಿಲ್ದಾಣದಿಂದ ಮುಂದಿನ ನಿಲ್ದಾಣಕ್ಕೆ ಗಾಡಿಯನ್ನು ಬಿಡುವ ಮೊದಲು ಸ್ಟೇಷನ್ ಮಾಸ್ತರರು ಆ ಕಡೆಯವರನ್ನು ದಾರಿ ತೆರವಾಗಿದೆಯೇ ಎಂದು ಕೇಳುವುದು, ‘ಲೈನ್ ಕ್ಲಿಯರ್’ ಎಂಬ ಉತ್ತರ ಬಂದ ಮೇಲೆಯೇ ಗಾಡಿಗೆ ಅನುಮತಿ ನೀಡುವುದು ರೈಲ್ವೆಯ ಹಳೆಯ ಪದ್ಧತಿ. ಗಾಡಿ ಸುರಕ್ಷಿತವಾಗಿ ತಲುಪಿದ ಸುದ್ದಿಯನ್ನು ಮುಂದಿನ ನಿಲ್ದಾಣ ಮರಳಿ ತಿಳಿಸಬೇಕು. ಉತ್ತರ ಬಾರದಿದ್ದಾಗ ಅದನ್ನು ಒಪ್ಪಿಗೆಯೆಂದು ತಿಳಿಯುವ ಅಧಿಕಾರ ಯಾರಿಗೂ ಇಲ್ಲ. ಸುದ್ದಿಯ ಯಂತ್ರವೇ ಕೆಟ್ಟುಹೋದರೆ ಬರವಣಿಗೆಯ ಪರವಾನಗಿಯೊಡನೆ ಗಾಡಿಯನ್ನು ಹೇಗೆ ನಡೆಸಬೇಕೆಂಬುದಕ್ಕೂ ಮೊದಲೇ ನಿಯಮವಿರುತ್ತದೆ. ಯಂತ್ರ ಒಂದಿಲ್ಲೊಂದು ದಿನ ಮೌನವಾಗುವುದು ಖಚಿತವೆಂದು ತಿಳಿದವರು ರಚಿಸಿದ ನಿಯಮಗಳಿವು.

ನಮ್ಮ ಫೋನು ಮಾಡುವುದೂ ಇದೇ ಕೆಲಸವನ್ನೇ. ನಾವು ಆ್ಯಪ್‌ನಲ್ಲಿ ಒಂದು ಗುಂಡಿಯನ್ನು ಒತ್ತಿದಾಗ ಫೋನು ದೂರದ ಸರ್ವರ್ ಎಂಬ ಕಂಪ್ಯೂಟರಿಗೆ ಒಂದು ಕೋರಿಕೆಯನ್ನು ಕಳುಹಿಸಿ ಉತ್ತರಕ್ಕಾಗಿ ಕಾಯುತ್ತದೆ. ಸಂಪರ್ಕಜಾಲವು ದಾರಿಯಾದರೆ ಸರ್ವರ್ ಎಂಬುದು ಆ ದಾರಿಯ ಕೊನೆಯಲ್ಲಿರುವ ಕಚೇರಿ. ಉತ್ತರ ಬಾರದಿದ್ದರೆ ಅದಕ್ಕೆ ಮೂರು ಕಾರಣಗಳಿರಬಹುದು. ಕೋರಿಕೆಯೇ ದಾರಿಯಲ್ಲಿ ಕಳೆದುಹೋಗಿರಬಹುದು. ಕೋರಿಕೆ ತಲುಪಿ, ಕೆಲಸವೂ ನಡೆದು, ಉತ್ತರ ಮಾತ್ರ ಕಳೆದುಹೋಗಿರಬಹುದು. ಇಲ್ಲವೆ ಉತ್ತರ ಇನ್ನೂ ದಾರಿಯಲ್ಲಿರಬಹುದು. ಫೋನನ್ನು ಹಿಡಿದು ನಿಂತವರಿಗೆ ಈ ಮೂರೂ ಒಂದೇ ಬಗೆಯಾಗಿ ಕಾಣುತ್ತವೆ: ಪರದೆಯ ಮೇಲೆ ಚಕ್ರವೊಂದು ತಿರುಗುತ್ತಲೇ ಇರುತ್ತದೆ. ದುರ್ಬಲ ಸಂಪರ್ಕದಲ್ಲಿ ಆ್ಯಪ್‌ನ ಪರೀಕ್ಷೆಯೆಂದರೆ ಮುಖ್ಯವಾಗಿ ಈ ಮೌನದ ಪರೀಕ್ಷೆ.

ದುರ್ಬಲ ಸಂಪರ್ಕವೆಂಬುದು ಒಂದೇ ಬಗೆಯದಲ್ಲ. ಗುಡ್ಡದ ಮರೆಯಲ್ಲಿ ಅಥವಾ ಆಳವಾದ ಗಣಿಯಲ್ಲಿ ಸಂಪರ್ಕವೇ ಇರುವುದಿಲ್ಲ. ಇದು ಒಂದು ಬಗೆ. ನಮ್ಮ ಭಾಗದ ಹಳೆಯ ಮನೆಗಳ ದಪ್ಪ ಕಲ್ಲುಗೋಡೆ ಮತ್ತು ಪರ್ಸಿಯ ಮಾಳಿಗೆ ಬೇಸಿಗೆಯಲ್ಲಿ ತಂಪನ್ನು ನೀಡುವಂತೆಯೇ ರೇಡಿಯೋ ಅಲೆಗಳನ್ನು ಕುಗ್ಗಿಸುತ್ತವೆ. ಅಂಗಳದಲ್ಲಿ ನಡೆದ ಆ್ಯಪ್ ಅಡುಗೆಮನೆಯಲ್ಲಿ ನಿಲ್ಲುತ್ತದೆ. ಇದು ಎರಡನೆಯದು. ನಾಲವಾರದ ಕೋರಿಸಿದ್ಧೇಶ್ವರ ಮಠದ ಜಾತ್ರೆಯಂತಹ ಸಂದರ್ಭದಲ್ಲಿ ಸಾವಿರಾರು ಫೋನುಗಳು ಒಂದೇ ಟವರನ್ನು ಅವಲಂಬಿಸಿದಾಗ ಪರದೆಯ ಮೇಲೆ ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿದ್ದರೂ ಕೆಲಸ ಸಾಗದು, ಇದು ಮೂರನೆಯದು. ವಿದ್ಯುತ್ತು ಹೋಗಿ ಟವರಿನ ಬ್ಯಾಟರಿ ಮುಗಿದಾಗ ಸಂಪರ್ಕ ಬಂದು ಹೋಗಿ ಮಾಡುವುದುಂಟು. ಓಡುವ ರೈಲಿನಲ್ಲಿ ಫೋನು ಟವರಿನಿಂದ ಟವರಿಗೆ ಜಿಗಿಯುವಾಗಲೂ ಹೀಗೆಯೇ ಆಗುತ್ತದೆ. ಇವುಗಳಲ್ಲಿ ಸಂಪರ್ಕ ಸಂಪೂರ್ಣವಾಗಿ ಇಲ್ಲದಿರುವುದೇ ಆ್ಯಪ್‌ಗೆ ಎಲ್ಲಕ್ಕಿಂತ ಸುಲಭವಾದ ಸ್ಥಿತಿ, ಏಕೆಂದರೆ ಇಲ್ಲವೆಂಬುದು ಅದಕ್ಕೆ ಸ್ಪಷ್ಟವಾಗಿ ತಿಳಿಯುತ್ತದೆ. ಇದ್ದೂ ಇಲ್ಲದಂತಿರುವ ಸಂಪರ್ಕವೇ ಅದನ್ನು ಹೆಚ್ಚಾಗಿ ದಾರಿ ತಪ್ಪಿಸುತ್ತದೆ.

ಈ ಸ್ಥಿತಿಗಳನ್ನು ಪ್ರಯೋಗಶಾಲೆಯಲ್ಲಿಯೇ ನಿರ್ಮಿಸುವ ಸಾಧನಗಳು ಬಹುಕಾಲದಿಂದ ದೊರೆಯುತ್ತಿವೆ. ಆಂಡ್ರಾಯ್ಡ್ ಆ್ಯಪ್ ತಯಾರಕರು ಬಳಸುವ ಎಮ್ಯುಲೇಟರ್ ಎಂಬ ನಕಲು ಫೋನಿನಲ್ಲಿ ಹಳೆಯ ಟೂಜಿ ಸಂಪರ್ಕದ ವೇಗವನ್ನು ಆಯ್ದುಕೊಳ್ಳಬಹುದು. ಲಿನಕ್ಸ್ ಕಂಪ್ಯೂಟರುಗಳಲ್ಲಿರುವ ನೆಟ್‌ಎಮ್ ಎಂಬ ಸೌಕರ್ಯದಿಂದ ಸಂದೇಶಗಳನ್ನು ಬೇಕೆಂದೇ ತಡಮಾಡಬಹುದು, ನೂರರಲ್ಲಿ ಇಷ್ಟು ಕಳೆದುಹೋಗುವಂತೆ ಮಾಡಬಹುದು, ಒಂದೇ ಸಂದೇಶ ಎರಡು ಬಾರಿ ತಲುಪುವಂತೆಯೂ ಮಾಡಬಹುದು. ಇಲ್ಲಿ ವೇಗ ಮತ್ತು ವಿಳಂಬ ಬೇರೆಬೇರೆಯೆಂಬುದನ್ನು ಗಮನಿಸಬೇಕು. ಬಸ್ಸಿನಲ್ಲಿ ಎಷ್ಟು ಜನ ಹಿಡಿಯುತ್ತಾರೆಂಬುದು ಒಂದು ಲೆಕ್ಕ, ಸೇಡಮ್ಮಿನಿಂದ ಚಿಂಚೋಳಿಗೆ ಅದು ಎಷ್ಟು ಹೊತ್ತಿನಲ್ಲಿ ತಲುಪುತ್ತದೆಂಬುದು ಮತ್ತೊಂದು ಲೆಕ್ಕ. ಒಂದು ಪುಟವನ್ನು ತೋರಿಸಲು ಆ್ಯಪ್ ಇಪ್ಪತ್ತು ಸಲ ಸರ್ವರಿಗೆ ಹೋಗಿಬರುವಂತಿದ್ದರೆ, ಬಸ್ಸು ದೊಡ್ಡದಾದ ಮಾತ್ರಕ್ಕೆ ಇಪ್ಪತ್ತು ಪ್ರಯಾಣಗಳ ಹೊತ್ತು ಕಡಿಮೆಯಾಗದು.

ಆದರೂ ಪ್ರಯೋಗಶಾಲೆ ಊರಿಗೆ ಸಮನಾಗದು. ಫೇಸ್‌ಬುಕ್ ಸಂಸ್ಥೆಯ ತಂತ್ರಜ್ಞರು 2013ರಲ್ಲಿ ಆಫ್ರಿಕಾ ಖಂಡಕ್ಕೆ ಹೋಗಿ ಅಲ್ಲಿಯ ಫೋನು ಮತ್ತು ಅಲ್ಲಿಯ ಸಂಪರ್ಕದಲ್ಲಿ ತಮ್ಮದೇ ಆ್ಯಪ್ ಅನ್ನು ಬಳಸಿ ನೋಡಿದಾಗ ಅದು ಮತ್ತೆಮತ್ತೆ ಕುಸಿದುದಲ್ಲದೆ, ಒಂದು ತಿಂಗಳಿಗೆಂದು ಕೊಂಡ ಡೇಟಾ 40 ನಿಮಿಷಗಳಲ್ಲಿ ಮುಗಿದುಹೋಯಿತೆಂದು ಅವರೇ ಬರೆದಿದ್ದಾರೆ. 2015ರ ಅಕ್ಟೋಬರಿನಿಂದ ಆ ಸಂಸ್ಥೆ ತನ್ನ ನೌಕರರಿಗೆ ಮಂಗಳವಾರಗಳಂದು ಒಂದು ಗಂಟೆಯ ಕಾಲ ಟೂಜಿ ವೇಗದಲ್ಲಿಯೇ ಕೆಲಸ ಮಾಡಿ ನೋಡುವ ಅವಕಾಶವನ್ನು ಕಲ್ಪಿಸಿತು. ತಾವು ಮಾಡಿದ ಅಡುಗೆಯನ್ನು ತಾವೇ ಉಂಡು ನೋಡುವ ಈ ಕ್ರಮ ನಮ್ಮ ಗೃಹಿಣಿಯರಿಗೆ ಹೊಸದೇನಲ್ಲ.

ಪರೀಕ್ಷೆಯಲ್ಲಿ ನೋಡಬೇಕಾದುದೇನು? ಮೊದಲನೆಯದಾಗಿ, ಅರ್ಜಿಯನ್ನು ತುಂಬುತ್ತಿರುವಾಗ ಸಂಪರ್ಕ ತಪ್ಪಿದರೆ ಅಲ್ಲಿಯವರೆಗೆ ಬರೆದುದು ಫೋನಿನಲ್ಲಿ ಉಳಿಯಬೇಕು. ಎರಡನೆಯದಾಗಿ, ನಡೆದುದನ್ನು ಆ್ಯಪ್ ಇದ್ದಂತೆ ಹೇಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಸಂದೇಶದ ಪಕ್ಕದಲ್ಲಿ ಗಡಿಯಾರದ ಚಿಹ್ನೆಯಿದ್ದರೆ ಅದು ಇನ್ನೂ ಹೊರಟಿಲ್ಲವೆಂದೂ, ಒಂದು ಗುರುತಿದ್ದರೆ ಹೊರಟಿದೆಯೆಂದೂ, ಎರಡಿದ್ದರೆ ಆ ಕಡೆಯ ಫೋನಿಗೆ ತಲುಪಿದೆಯೆಂದೂ ನಮ್ಮ ಅಜ್ಜಿಯಂದಿರೂ ಬಲ್ಲರು. ಇಷ್ಟು ಸರಳವಾದ ಸತ್ಯವನ್ನು ಸರ್ಕಾರಿ ಅರ್ಜಿಯ ಆ್ಯಪ್ ಏಕೆ ಹೇಳಬಾರದು? ಮೂರನೆಯದಾಗಿ, ಒಟಿಪಿ ತಡವಾಗಿ ಬಂದರೆ ಏನಾಗುತ್ತದೆಂದು ನೋಡಬೇಕು. ಸಂದೇಶವನ್ನು ಓದಲು ಆ್ಯಪ್‌ನಿಂದ ಹೊರಬಂದು ಮರಳುವಷ್ಟರಲ್ಲಿ ತುಂಬಿದ ಪುಟ ಅಳಿದುಹೋಗಬಾರದು. ನಾಲ್ಕನೆಯದಾಗಿ, ಉತ್ತರ ಬಾರದಿದ್ದಾಗ ಆ್ಯಪ್ ಮತ್ತೆ ಪ್ರಯತ್ನಿಸುವ ಬಗೆ ವಿವೇಕದಿಂದ ಕೂಡಿರಬೇಕು. ಜಾತ್ರೆಯಲ್ಲಿ ಎಲ್ಲರೂ ಒಮ್ಮೆಗೇ ಬಾಗಿಲಿಗೆ ನುಗ್ಗಿದರೆ ಯಾರೂ ಹೊರಬರಲಾರರು. ಅದರಂತೆಯೇ ಎಲ್ಲ ಫೋನುಗಳೂ ಕ್ಷಣಕ್ಷಣಕ್ಕೂ ಕೇಳುತ್ತಿದ್ದರೆ ದಾರಿ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಆದುದರಿಂದ ಒಂದು ಸೆಕೆಂಡು, ಎರಡು, ನಾಲ್ಕು, ಎಂಟು ಎಂದು ಬಿಡುವನ್ನು ಹೆಚ್ಚಿಸುತ್ತ ಹೋಗುವುದು ಒಳ್ಳೆಯ ಪದ್ಧತಿ.

ಹಣದ ವಿಷಯದಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು. ಕಿರಾಣಿ ಅಂಗಡಿಯಲ್ಲಿ 500 ರೂಪಾಯಿ ಕಳುಹಿಸಿದಾಗ ನಮ್ಮ ಖಾತೆಯಿಂದ ಹಣ ಹೋಗಿ, ಉತ್ತರ ಮಾತ್ರ ಬಾರದಿದ್ದರೆ, ಗಾಬರಿಯಿಂದ ಮತ್ತೊಮ್ಮೆ ಕಳುಹಿಸುವುದು ಸಹಜ. ಸರಿಯಾಗಿ ಕಟ್ಟಿದ ಆ್ಯಪ್ ಪ್ರತಿಯೊಂದು ಪಾವತಿಗೂ ಒಂದು ಪ್ರತ್ಯೇಕ ಸಂಖ್ಯೆಯನ್ನು ಕೊಡುತ್ತದೆ. ಅದೇ ಸಂಖ್ಯೆಯ ಕೋರಿಕೆ ಎರಡನೆಯ ಸಲ ಬಂದರೆ ಸರ್ವರ್ ಅದನ್ನು ಹೊಸ ಪಾವತಿಯೆಂದು ಎಣಿಸದೆ ಹಳೆಯದರ ಉತ್ತರವನ್ನೇ ಮರಳಿ ಹೇಳಬೇಕು. ರಿಜಿಸ್ಟರ್ ಅಂಚೆಗೆ ಸಂಖ್ಯೆಯಿರುವಂತೆ ಇದು. ಆದರೆ ಗ್ರಾಹಕರೇ ಹೊಸದಾಗಿ ಮೊತ್ತವನ್ನು ಬರೆದು ಕಳುಹಿಸಿದರೆ ಅದು ಎರಡನೆಯ ಪಾವತಿಯೇ ಆಗುತ್ತದೆ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಯುಪಿಐ ಮೂಲಕ ವ್ಯಕ್ತಿಗೆ ಕಳುಹಿಸಿದ ಹಣ ಖಾತೆಯಿಂದ ಹೋಗಿ ಆ ಕಡೆ ಜಮೆಯಾಗದಿದ್ದರೆ ಮರುದಿನದೊಳಗೆ, ವ್ಯಾಪಾರಿಗೆ ಕಳುಹಿಸಿದ ಹಣದಲ್ಲಿ ಹಾಗಾದರೆ ಐದು ದಿನಗಳೊಳಗೆ ಹಣ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲಬೇಕು. ಯಂತ್ರದ ಮೌನಕ್ಕೆ ಗ್ರಾಹಕನು ದಂಡ ತೆರಬಾರದೆಂಬುದೇ ಈ ನಿಯಮದ ತಿರುಳು.

ಕೂಲಿಯ ವಿಷಯದಲ್ಲಿ ಈ ತಿರುಳನ್ನು ಅರಿಯಲು ತಡವಾಯಿತೆಂದೇ ಹೇಳಬೇಕು. ಮಹಾತ್ಮಾ ಗಾಂಧಿ ಉದ್ಯೋಗ ಖಾತರಿ ಯೋಜನೆಯ ಕೆಲಸಗಾರರ ಹಾಜರಿಗಾಗಿ ಕೇಂದ್ರ ಸರ್ಕಾರ 2021ರ ಮೇ ತಿಂಗಳಲ್ಲಿ ಎನ್‌ಎಂಎಂಎಸ್ ಎಂಬ ಆ್ಯಪ್ ಅನ್ನು ತಂದಿತು. 2023ರ ಜನವರಿ 1ರಿಂದ ಅದನ್ನು ಸಾಮೂಹಿಕ ಕಾಮಗಾರಿಗಳೆಲ್ಲಕ್ಕೂ ಕಡ್ಡಾಯಗೊಳಿಸಿತು. ದಿನಕ್ಕೆ ಎರಡು ಬಾರಿ ಕೆಲಸದ ಸ್ಥಳದಲ್ಲಿಯೇ ಚಿತ್ರ ತೆಗೆದು ಏರಿಸಬೇಕಾಗಿತ್ತು. ನಮ್ಮ ರಾಜ್ಯದಲ್ಲಿ ಆ ಹೊಣೆ ‘ಕಾಯಕ ಬಂಧು’ ಎಂದು ಕರೆಯಲಾದ ಮೇಟಿಗಳ ಮೇಲೆ ಬಿದ್ದಿತು. ಕೆರೆಯ ಹೂಳೆತ್ತುವ ಕೆಲಸ ಟವರಿನ ಬುಡದಲ್ಲಿ ನಡೆಯುವುದಿಲ್ಲ. ಚಿತ್ರ ಏರದಿದ್ದರೆ ಹಾಜರಿಯಿಲ್ಲ, ಹಾಜರಿಯಿಲ್ಲದಿದ್ದರೆ ಕೂಲಿಯಿಲ್ಲ. ದಿನವಿಡೀ ಮಣ್ಣು ಹೊತ್ತವರು ಬಂದೇ ಇಲ್ಲವೆಂದು ದಾಖಲೆ ಹೇಳಿತು. 2023ರಲ್ಲಿ ದೆಹಲಿಯ ಜಂತರ್ ಮಂತರಿನಲ್ಲಿ ಕೂಲಿಕಾರರು ನಡೆಸಿದ ದೀರ್ಘ ಧರಣಿಯ ಬೇಡಿಕೆಗಳಲ್ಲಿ ಈ ಆ್ಯಪ್ ಅನ್ನು ಹಿಂತೆಗೆಯಬೇಕೆಂಬುದೂ ಒಂದಾಗಿತ್ತು. ಸಂಪರ್ಕವಿಲ್ಲದೆಯೇ ಹಾಜರಿ ಮತ್ತು ಚಿತ್ರವನ್ನು ಪಡೆದು, ಸಂಪರ್ಕ ದೊರೆತಾಗ ಏರಿಸುವ ವ್ಯವಸ್ಥೆಯಿದೆಯೆಂದೂ, ವಿಶೇಷ ಸಂದರ್ಭಗಳಲ್ಲಿ ಜಿಲ್ಲಾ ಅಧಿಕಾರಿಗಳು ಕೈಬರಹದ ಹಾಜರಿಯನ್ನು ಏರಿಸಬಹುದೆಂದೂ ಕೇಂದ್ರ ಸಚಿವಾಲಯ ತಿಳಿಸಿತು. ಇದು ರೈಲ್ವೆಯ ಬರವಣಿಗೆಯ ಪರವಾನಗಿಯನ್ನೇ ಹೋಲುವ ಏರ್ಪಾಡು. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಯೋಜನೆಯ ಬದಲಿಗೆ ಹೊಸ ಕಾಯ್ದೆಯನ್ನು ಅಂಗೀಕರಿಸಿತಾದರೂ, ಕೂಲಿಯ ಹಾಜರಿಯನ್ನು ಫೋನಿಗೆ ಒಪ್ಪಿಸುವ ಯಾವುದೇ ಯೋಜನೆ ಈ ಅನುಭವವನ್ನು ಮರೆಯಲಾಗದು.

ಇದರ ಇನ್ನೊಂದು ಮುಖವನ್ನೂ ನಾವು ಮುಚ್ಚಿಡಬಾರದು. ಚಿತ್ರದ ಚಿತ್ರವನ್ನೇ ತೆಗೆದು ಏರಿಸುವುದು, ಸಂಬಂಧವಿಲ್ಲದ ಚಿತ್ರಗಳನ್ನು ಹಾಕುವುದು ಮುಂತಾದ ದುರುಪಯೋಗಗಳನ್ನು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ 2025ರ ಜುಲೈನಲ್ಲಿ ರಾಜ್ಯಗಳ ಗಮನಕ್ಕೆ ತಂದಿತು. ಸಂಪರ್ಕವಿಲ್ಲದ ಕೆಲಸಕ್ಕೆ ಅವಕಾಶ ಕೊಟ್ಟರೆ ಮೋಸಕ್ಕೆ ದಾರಿಯಾಗುವುದಿಲ್ಲವೇ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಆದರೆ ಸಂಪರ್ಕವಿದ್ದ ಮಾತ್ರಕ್ಕೆ ಮೋಸ ನಿಲ್ಲಲಿಲ್ಲವೆಂಬುದನ್ನೂ ಗಮನಿಸಬೇಕು. ಚಿತ್ರ ತೆಗೆದ ಹೊತ್ತು ಮತ್ತು ಸ್ಥಳವನ್ನು ತಿದ್ದಲಾಗದಂತೆ ಅದರೊಡನೆಯೇ ಕೂಡಿಸಿಡುವುದು, ಬಳಿಕ ಮನುಷ್ಯರು ಪರಿಶೀಲಿಸುವುದು ಇದಕ್ಕೆ ಪರಿಹಾರ. ಮೋಸಗಾರನನ್ನು ಹಿಡಿಯುವ ಸಲುವಾಗಿ ಟವರ್ ಇಲ್ಲದ ಊರಿನ ಪ್ರಾಮಾಣಿಕನ ಕೂಲಿಯನ್ನು ಕಳೆಯುವುದು ನ್ಯಾಯವಾಗದು.

ಇದಕ್ಕೆ ಹೋಲಿಸಿದರೆ 2020ರ ಮುಂಗಾರಿನಲ್ಲಿ ನಮ್ಮ ರಾಜ್ಯ ರೈತರ ಕೈಗೇ ಒಪ್ಪಿಸಿದ ಬೆಳೆ ಸಮೀಕ್ಷೆಯ ಆ್ಯಪ್‌ನ ಕ್ರಮ ಹಳ್ಳಿಗೆ ಹತ್ತಿರವಾದುದು. ಜಮೀನಿನ ವಿವರವನ್ನು ಮೊದಲು ಇಳಿಸಿಕೊಂಡು, ಹೊಲದಲ್ಲಿ ನಿಂತು ಬೆಳೆಯ ಚಿತ್ರ ತೆಗೆದು, ಆಮೇಲೆ ಏರಿಸುವುದು ಅದರ ಹೆಜ್ಜೆಗಳು. ಫೋನು ತಾನಿರುವ ಸ್ಥಳವನ್ನು ಉಪಗ್ರಹಗಳಿಂದ ಅರಿಯುತ್ತದೆ. ಅದಕ್ಕೆ ಟವರ್ ಬೇಕಿಲ್ಲ. 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ನಮ್ಮ ತೊಗರಿಯ ನಾಡಿನಲ್ಲಿ ಈ ದಾಖಲೆಯ ಬೆಲೆ ಎಲ್ಲರಿಗೂ ಗೊತ್ತು. ಬೆಳೆ ಹಾನಿಯ ಪರಿಹಾರಕ್ಕೂ ವಿಮೆಗೂ ಬೆಂಬಲ ಬೆಲೆಯ ಖರೀದಿಗೂ ಅದೇ ಆಧಾರವಾಗುತ್ತದೆ. ಹೊಲದ ದಾಖಲೆಯಲ್ಲಿ ತೊಗರಿಯ ಬದಲಿಗೆ ಬೇರೆ ಬೆಳೆ ಬಿದ್ದರೆ, ಇಲ್ಲವೆ ಏನೂ ಬೀಳದಿದ್ದರೆ, ನೆರೆ ಬಂದ ವರ್ಷ ಅದರ ನೋವು ತಿಳಿಯುತ್ತದೆ.

ಅಂತಹ ನೆರೆ ಬಂದುದು 2025ರ ಸೆಪ್ಟೆಂಬರ್ ಕೊನೆಯಲ್ಲಿ. ಭೀಮಾ ನದಿ ಉಕ್ಕಿ ಕಲಬುರಗಿ ಜಿಲ್ಲೆಯ ಹೊಲಗಳು ನೀರಿನಲ್ಲಿ ನಿಂತ ದಿನಗಳಲ್ಲಿಯೇ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯೂ ನಡೆದಿತ್ತು. ಸೆಪ್ಟೆಂಬರ್ 22ರಿಂದ ಶಿಕ್ಷಕರು ಮನೆಮನೆಗೆ ಹೋಗಿ 60 ಪ್ರಶ್ನೆಗಳಿಗೆ ಉತ್ತರವನ್ನು ಮೊಬೈಲ್ ಆ್ಯಪ್‌ನಲ್ಲಿಯೇ ದಾಖಲಿಸಬೇಕಾಗಿತ್ತು. ಮೊದಲ ದಿನಗಳಲ್ಲಿ ಆ್ಯಪ್, ಸರ್ವರ್ ಮತ್ತು ಸಂಪರ್ಕಗಳ ತೊಂದರೆಗಳ ಸುದ್ದಿ ರಾಜ್ಯದ ಹಲವೆಡೆಯಿಂದ ಬಂದಿತು. ಅಕ್ಟೋಬರ್ 7ಕ್ಕೆ ಮುಗಿಯಬೇಕಾಗಿದ್ದ ಕಾರ್ಯದ ಅವಧಿಯನ್ನು ವಿಸ್ತರಿಸಬೇಕಾಯಿತು. ಇಂತಹ ಸಮೀಕ್ಷೆಯಲ್ಲಿ ಎಣಿಕೆಗೆ ಬಾರದ ಮನೆ ಮುಂದಿನ ಲೆಕ್ಕಾಚಾರದಲ್ಲಿಯೂ ಬಾರದು. ಸಂಪರ್ಕ ದುರ್ಬಲವಾದ ಮನೆಗಳೇ ಬಹುಮಟ್ಟಿಗೆ ದುರ್ಬಲರ ಮನೆಗಳಾಗಿರುವುದರಿಂದ, ಆ್ಯಪ್ ಅಲ್ಲಿ ಸೋತರೆ ಲೆಕ್ಕವೇ ಒಂದು ಕಡೆಗೆ ವಾಲುತ್ತದೆ. ರಾಜ್ಯವ್ಯಾಪಿಯಾದ ಯಾವುದೇ ಆ್ಯಪ್ ಅನ್ನು ಆರಂಭದ ದಿನಕ್ಕಿಂತ ಮೊದಲು ಚಿಂಚೋಳಿಯ ಒಂದು ತಾಂಡಾದಲ್ಲಿ, ಶಹಾಬಾದದ ಒಂದು ಓಣಿಯಲ್ಲಿ, ನಾಲವಾರದ ಒಂದು ಮನೆಯಲ್ಲಿ, ಅದನ್ನು ಬಳಸಬೇಕಾದ ಶಿಕ್ಷಕರ ಕೈಯಿಂದಲೇ, ಅವರ ಹಳೆಯ ಫೋನಿನಲ್ಲಿಯೇ ನಡೆಸಿ ನೋಡಬೇಕೆಂದು ನಾವು ಒತ್ತಾಯಿಸುವುದು ಈ ಕಾರಣದಿಂದಲೇ.

ಟವರುಗಳು ಹೆಚ್ಚುತ್ತಿಲ್ಲವೆಂದು ನಾವು ಹೇಳುತ್ತಿಲ್ಲ. ಸಂಪರ್ಕ ತಲುಪದ 24,680 ಹಳ್ಳಿಗಳಿಗೆ ಫೋರ್‌ಜಿ ಸೇವೆ ಒದಗಿಸಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಇದು ಸಂತೋಷದ ಸಂಗತಿ. ಆದರೆ ಟವರ್ ಬಂದ ಮೇಲೂ ಕಲ್ಲುಗೋಡೆ ಇರುತ್ತದೆ, ಜಾತ್ರೆ ನೆರೆಯುತ್ತದೆ, ಕರೆಂಟು ಹೋಗುತ್ತದೆ. ಆದುದರಿಂದ ಈ ಪರೀಕ್ಷೆಯ ಅಗತ್ಯ ಬಡ ಹಳ್ಳಿಗಳಿಗೆ ಮಾತ್ರ ಸೀಮಿತವಲ್ಲ.

ನಮ್ಮ ಕುಟುಂಬಗಳೂ ಈ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಹೊಸ ಆ್ಯಪ್ ಒಂದು ಮನೆಗೆ ಬಂದಾಗ ಅರ್ಜಿಯನ್ನು ಅರ್ಧ ತುಂಬಿ ಫೋನಿನ ಡೇಟಾವನ್ನು ನಿಲ್ಲಿಸಿರಿ. ಆ್ಯಪ್ ಅನ್ನು ಮುಚ್ಚಿ ಮತ್ತೆ ತೆರೆಯಿರಿ. ಬರೆದುದು ಉಳಿದಿದ್ದರೆ ಅದನ್ನು ನಂಬಬಹುದು. ಅಳಿದಿದ್ದರೆ ಮುಖ್ಯವಾದ ಅರ್ಜಿಯನ್ನು ಮೊದಲು ಕಾಗದದ ಮೇಲೆ ಬರೆದಿಟ್ಟುಕೊಂಡು, ಸಂಪರ್ಕ ಚೆನ್ನಾಗಿರುವಲ್ಲಿ ಕುಳಿತು ತುಂಬಿರಿ. ಕೊನೆಯ ದಿನದವರೆಗೆ ಕಾಯಬೇಡಿರಿ, ಏಕೆಂದರೆ ಅಂದು ಎಲ್ಲರೂ ಅದೇ ಬಾಗಿಲಿಗೆ ಬಂದಿರುತ್ತಾರೆ. ಸಲ್ಲಿಕೆಯಾದ ಕೂಡಲೆ ಬರುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಹಣ ಕಳುಹಿಸುವಾಗ ಚಕ್ರ ತಿರುಗುತ್ತಲೇ ಇದ್ದರೆ ಮತ್ತೊಮ್ಮೆ ಒತ್ತುವ ಮೊದಲು ವಹಿವಾಟಿನ ಪಟ್ಟಿಯನ್ನೂ ಖಾತೆಯ ಶಿಲ್ಕನ್ನೂ ನೋಡಿರಿ. ಟವರ್ ಬಾರದ ಅವಸರದಲ್ಲಿ ‘ನಾನು ಮಾಡಿಕೊಡುತ್ತೇನೆ’ ಎಂದು ಬಂದ ಅಪರಿಚಿತರ ಕೈಗೆ ಫೋನನ್ನಾಗಲಿ ಒಟಿಪಿಯನ್ನಾಗಲಿ ಕೊಡಬೇಡಿರಿ. ಮೋಸ ಹೋಗುವುದು ಬಹಳ ಸಲ ಇಂತಹ ಅವಸರದಲ್ಲಿಯೇ.

ನಮ್ಮ ಅನೇಕ ಮನೆಗಳ ಮಕ್ಕಳು ಇಂದು ಬೆಂಗಳೂರು, ಹೈದರಾಬಾದು, ಪುಣೆಗಳಲ್ಲಿ ಇಂತಹ ಆ್ಯಪ್‌ಗಳನ್ನು ಕಟ್ಟುವ ಕೆಲಸದಲ್ಲಿಯೇ ಇದ್ದಾರೆ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದಾಗ ಅವರು ತಾವು ಕಟ್ಟಿದುದನ್ನು ಇಲ್ಲಿಯ ಪಡಸಾಲೆಯಲ್ಲಿ ಕುಳಿತು ನಡೆಸಿ ನೋಡಲಿ. ತಾಯಿಯ ಫೋನಿನಲ್ಲಿ, ಕಾಕಾನ ಫೋನಿನಲ್ಲಿ ಅದನ್ನು ತೆರೆಯಲಿ. ಸಂಪರ್ಕ ತಪ್ಪಿದಾಗ ಪರದೆಯ ಮೇಲೆ ಅರ್ಥವಾಗದ ಸಂಖ್ಯೆಯೊಂದು ಮೂಡುತ್ತದೆಯೋ, ಅಥವಾ ‘ನಿಮ್ಮ ಮಾಹಿತಿ ಈ ಫೋನಿನಲ್ಲಿ ಉಳಿದಿದೆ, ಇನ್ನೂ ಕಚೇರಿಗೆ ತಲುಪಿಲ್ಲ, ಸಂಪರ್ಕ ಬಂದ ಕೂಡಲೆ ಕಳುಹಿಸಲಾಗುವುದು’ ಎಂಬ ಕನ್ನಡದ ಮಾತು ಕಾಣುತ್ತದೆಯೋ ಎಂಬುದನ್ನು ಪರಿಶೀಲಿಸಲಿ. ಆ ಒಂದು ವಾಕ್ಯವನ್ನು ಬರೆಯಲು ಹಿಡಿಯುವ ಹೊತ್ತು ಅತ್ಯಲ್ಪ. ಅದು ಇಲ್ಲದಿದ್ದಾಗ ಹೊಲದ ಬದುವಿನ ಮೇಲೆ ಫೋನನ್ನು ಮೇಲೆತ್ತಿ ನಿಲ್ಲುವವರ ಹೊತ್ತನ್ನು ಮಾತ್ರ ಯಾರೂ ಲೆಕ್ಕವಿಡುವುದಿಲ್ಲ. ಆ ಲೆಕ್ಕವನ್ನಿಡುವ ತಂತ್ರಜ್ಞರು ನಮ್ಮ ಮನೆಗಳಿಂದಲೇ ಮೊದಲು ಹೊರಡಲೆಂದು ನಾವು ಹಾರೈಸುತ್ತೇವೆ.